ಗುಂಡಿಗೆ ಬಲಿಯಾಗದ ವೀರರು

ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ರಸ್ತೆಗಳಲ್ಲಿ ಸಂಚರಿಸುವವರಿಗೆ ನೀಲಿ ಹಿನ್ನೆಲೆಯ ಮೇಲೆ ಹೊಂಬಣ್ಣದ ಅಕ್ಷರಗಳನ್ನು ತಳೆದ ಲೋಹಫಲಕಗಳು ಮೇಲಿಂದ ಮೇಲೆ ಗೋಚರಿಸುತ್ತವೆ. 1775ರಿಂದ 1783ರವರೆಗೆ ನಡೆದ ಸ್ವಾತಂತ್ರ್ಯ ಸಮರದ ಸ್ಮರಣೆಯನ್ನು ಅವುಗಳಲ್ಲಿ ಹಲವು ಕಾಯ್ದುಕೊಂಡು ಬಂದಿವೆ. ಸೇನಾನಿ ತಂಗಿದ ಮನೆ, ಸೈನ್ಯ ದಾಟಿದ ಹೊಳೆ, ಕಾಳಗ ನಡೆದ ಬಯಲು, ಇವೇ ಸಾಮಾನ್ಯವಾಗಿ ಅವುಗಳ ವಸ್ತು.

ಅದೇ ರಾಜ್ಯದ ಬೆತ್ಲೆಹೆಮ್ ಪಟ್ಟಣದಲ್ಲಿರುವ ಸೈನಿಕರ ಸ್ಮಾರಕ ಮಾತ್ರ ಬೇರೆ ಬಗೆಯದು. ಅಲ್ಲಿ ಯುದ್ಧ ನಡೆಯಲಿಲ್ಲ. 1748ರಲ್ಲಿ ಮೊರೇವಿಯನ್ ಪಂಥದವರು ಕಟ್ಟಿದ್ದ ವಸತಿಗೃಹವೊಂದು 1776 ಮತ್ತು 1778ರ ನಡುವೆ ಎರಡು ಬಾರಿ ಸೈನ್ಯದ ಆಸ್ಪತ್ರೆಯಾಯಿತು. ಅಲ್ಲಿ ಸುಮಾರು 500 ಸೈನಿಕರು ಅಸುನೀಗಿದರು. ಶಸ್ತ್ರ ಹಿಡಿಯಲೊಲ್ಲದ ಆ ಪಂಥದವರೇ ರೋಗಿಗಳ ಶುಶ್ರೂಷೆಗೆ ನೆರವಾದರು.

ರೋಗದಿಂದ ಸತ್ತವನನ್ನು ವೀರನೆನ್ನಬಹುದೇ ಎಂದು ಕೆಲವರು ಹುಬ್ಬೇರಿಸಬಹುದು. ಅಂಕಿಗಳೇ ಅದಕ್ಕೆ ಉತ್ತರ ಕೊಡುತ್ತವೆ. ಆ ಸಮರದಲ್ಲಿ ಅಮೆರಿಕದ ಪಕ್ಷದಲ್ಲಿ ಮಡಿದವರು ಸುಮಾರು 25,000 ಎಂದು ಇತಿಹಾಸಕಾರರ ಅಂದಾಜು. ಅವರಲ್ಲಿ ರಣರಂಗದಲ್ಲಿ ಬಿದ್ದವರು ಸುಮಾರು 7,000 ಮಾತ್ರ. ಉಳಿದವರಲ್ಲಿ ಬಹುಪಾಲು ಜನರನ್ನು ಶಿಬಿರದ ಕಾಯಿಲೆಗಳೂ ಸೆರೆಮನೆಗಳೂ ನುಂಗಿದವು. ವ್ಯಾಲಿ ಫೋರ್ಜ್ ಶಿಬಿರದಲ್ಲಿ ಒಂದೇ ಒಂದು ಕಾಳಗವೂ ನಡೆಯಲಿಲ್ಲ. ಆದರೂ 1777–78ರ ಆರು ತಿಂಗಳುಗಳಲ್ಲಿ ಸುಮಾರು 2,000 ಮಂದಿ ವಿಷಮಶೀತಜ್ವರ, ಟೈಫಸ್, ಆಮಶಂಕೆ, ಇನ್‌ಫ್ಲುಯೆಂಜಾಗಳಿಗೆ ತುತ್ತಾದರು. ಚಳಿ, ಹಸಿವು, ಹೇನು ಮತ್ತು ಹೊಲಸು ನೀರನ್ನು ಸಹಿಸಿಯೂ ಪಾಳೆಯ ಬಿಟ್ಟು ಓಡದೆ ನಿಂತವರ ಧೈರ್ಯ ಯಾವ ಯೋಧನ ಧೈರ್ಯಕ್ಕೂ ಕಡಿಮೆಯಲ್ಲ.

ಇನ್ನೊಂದು ಸಂಗತಿಯೂ ಇಂಥ ಫಲಕಗಳಲ್ಲಿ ಸ್ಥಾನ ಪಡೆಯಬೇಕು. 1776ರಲ್ಲಿ ಕೆನಡಾದ ದಂಡಯಾತ್ರೆಯನ್ನು ಸಿಡುಬು ಮಣ್ಣುಗೂಡಿಸಿತು. ಸೇನಾನಿ ಜಾನ್ ಥಾಮಸ್ ಕೂಡ ಆ ಬೇನೆಗೆ ಬಲಿಯಾದನು. ಸಿಡುಬಿನ ಕೀವನ್ನು ಗೀರಿದ ತೋಳಿಗೆ ಸವರಿ ಸೌಮ್ಯವಾದ ರೋಗವನ್ನು ಬರಿಸುವ ಪದ್ಧತಿ ಆಗ ಬಳಕೆಯಲ್ಲಿತ್ತು. ಆದರೆ ಅದು ಅಪಾಯವಿಲ್ಲದ್ದಲ್ಲ. ಚಿಕಿತ್ಸೆ ಪಡೆದವನು ಕೆಲವು ವಾರ ಮಲಗಬೇಕು, ಇತರರಿಗೆ ಸೋಂಕನ್ನೂ ಹರಡಬಹುದು. ಆದುದರಿಂದ 1776ರಲ್ಲಿ ಅದನ್ನು ನಿಷೇಧಿಸಿದ್ದ ವಾಷಿಂಗ್ಟನ್, 1777ರ ಫೆಬ್ರವರಿಯಲ್ಲಿ ಮನಸ್ಸು ಬದಲಿಸಿ, ಶತ್ರುವಿಗೆ ಸುಳಿವು ಸಿಗದಂತೆ ಸೈನಿಕರಿಗೆಲ್ಲ ಅದನ್ನು ಮಾಡಿಸಲು ಆಜ್ಞಾಪಿಸಿದನು. ಜೆನ್ನರನ ಗೋವಿನ ಸಿಡುಬಿನ ಲಸಿಕೆ ಬಂದದ್ದು 1796ರಲ್ಲಿ ಎಂಬುದನ್ನು ನೆನೆದರೆ ಆ ನಿರ್ಧಾರದ ಎದೆಗಾರಿಕೆ ಅರಿವಾಗುತ್ತದೆ. ಆ ಸೈನ್ಯ ಉಳಿದುದರಲ್ಲಿ ಕೋವಿಯಷ್ಟೇ ಪಾಲು ವೈದ್ಯನ ಸಣ್ಣ ಅಲಗಿಗೂ ಸಲ್ಲಬೇಕು.

ವೈದ್ಯ ಬೆಂಜಮಿನ್ ರಷ್ ಆ ಕಾಲದಲ್ಲೇ ಸೈನಿಕರ ಆರೋಗ್ಯ ರಕ್ಷಣೆಗೆಂದು ಸೂಚನೆಗಳನ್ನು ಬರೆದು, ಖಡ್ಗಕ್ಕಿಂತ ಕಾಯಿಲೆಯೇ ಹೆಚ್ಚು ಜನರನ್ನು ಕೊಂದಿದೆ ಎಂದು ಎಚ್ಚರಿಸಿದ್ದನು. ಶುಚಿತ್ವ, ತರಕಾರಿಯ ಆಹಾರ, ಒಣಬಟ್ಟೆ, ಇವೇ ಅವನ ಉಪದೇಶದ ಸಾರ. ಕಿಕ್ಕಿರಿದ ಮಹಾನಗರಗಳಲ್ಲಿ ಬಾಳುವವರಿಗೆ ಅದು ಇಂದಿಗೂ ಹಳತಾದ ಮಾತಲ್ಲ.

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗಿಬರುವ ಕನ್ನಡಿಗ ತಂದೆತಾಯಿಗಳು ಇಂದು ಅನೇಕರಿದ್ದಾರೆ. ಅಂಥವರು ರಸ್ತೆಯಂಚಿನ ಫಲಕದ ಮುಂದೆ ಎರಡು ನಿಮಿಷ ನಿಂತು ಓದುವುದು ಒಳ್ಳೆಯದು. ಆದರೆ ಫಲಕ ನೆಡುವವರ ಹೊಣೆ ಅದಕ್ಕಿಂತ ದೊಡ್ಡದು. ಸೈನಿಕರು ಎಲ್ಲಿ ಮಡಿದರೆಂದು ಕೆತ್ತುವವರು ಏತರಿಂದ ಮಡಿದರೆಂಬುದನ್ನೂ ಕೆತ್ತಬೇಕು. ಆ ಒಂದು ಸಾಲು ಸತ್ತವರಿಗೆ ಗೌರವ, ಬದುಕಿರುವವರಿಗೆ ಎಚ್ಚರ.