ನೋಡುವುದು ಬೇರೆ, ನೋಡಿಕೊಳ್ಳುವುದು ಬೇರೆ

ಹಿಂದೆಲ್ಲ ಗಲ್ಫಿನಿಂದ ಬರುವ ಮಗ ತಾಯಿಗೆ ಸೀರೆ, ಅತ್ತರು, ಟಾರ್ಚು ತರುತ್ತಿದ್ದ. ಈಗ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಮನೆಗಳಿಗೆ ಕೈಗಡಿಯಾರ ಬರುತ್ತಿದೆ. ಹೊತ್ತು ತೋರಿಸಲಿಕ್ಕಲ್ಲ. ಅಮ್ಮನ ನಾಡಿ ನೋಡಿ, ಎದೆಬಡಿತದ ತಾಳ ತಪ್ಪಿದರೆ ತಿಳಿಸಲಿಕ್ಕೆ. ದೂರದ ಮಗನ ಫೋನಿನಲ್ಲೂ ಅದು ಕಾಣುತ್ತದೆ. "ಇನ್ನು ಇಲ್ಲಿಂದಲೇ ಅಮ್ಮನನ್ನು ನೋಡಿಕೊಳ್ಳಬಹುದು" ಎಂಬ ನೆಮ್ಮದಿ ಅವನಿಗೆ. ನನ್ನ ತಕರಾರು ಈ ಮಾತಿನ ಮೇಲೆಯೇ. ನೋಡುವುದು ಬೇರೆ, ನೋಡಿಕೊಳ್ಳುವುದು ಬೇರೆ.

ಗಡಿಯಾರವನ್ನು ನಾನು ಹಳಿಯುತ್ತಿಲ್ಲ. ವೈದ್ಯರು ಏಟ್ರಿಯಲ್ ಫಿಬ್ರಿಲೇಷನ್ ಎನ್ನುವ ತೊಂದರೆಯಲ್ಲಿ ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಕುಗ್ಗದೆ ಬರಿದೇ ನಡುಗುತ್ತವೆ. ಅಲ್ಲಿ ನಿಂತ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಪಾರ್ಶ್ವವಾಯು. ಇದು ಬಂದು ಹೋಗುವ ಕಳ್ಳ. ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುವ ಹೊತ್ತಿಗೆ ಅಡಗಿಬಿಡಬಹುದು. ಸದಾ ಕೈಯಲ್ಲಿರುವ ಗಡಿಯಾರಕ್ಕೆ ಸಿಕ್ಕಿಬೀಳಲೂಬಹುದು. ಆದರೆ ಅದು ಹೇಳುವುದು ಸಂಶಯ ಮಾತ್ರ. ಅಮೆರಿಕದಲ್ಲಿ ಆಪಲ್ ಗಡಿಯಾರ ಕಟ್ಟಿದ ನಾಲ್ಕು ಲಕ್ಷಕ್ಕೂ ಹೆಚ್ಚು ಜನರ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಎಚ್ಚರಿಕೆ ಬಂದವರಲ್ಲಿ 450 ಮಂದಿ ಎದೆಗೆ ಇಸಿಜಿ ಪಟ್ಟಿ ಅಂಟಿಸಿಕೊಂಡು ಪರೀಕ್ಷೆಗೆ ಒಳಗಾದರು. ಪಟ್ಟಿ ಇದ್ದ ದಿನಗಳಲ್ಲಿ ಈ ತೊಂದರೆ ಕಂಡದ್ದು ನೂರಕ್ಕೆ 34 ಮಂದಿಯಲ್ಲಿ. ಹೃದಯಾಘಾತವನ್ನಂತೂ ಈ ಗಡಿಯಾರ ಹಿಡಿಯುವುದೇ ಇಲ್ಲ.

ಸರಿ, ಎಚ್ಚರಿಕೆ ಬಂತು, ಮಗ ಫೋನು ಮಾಡಿದ ಎನ್ನಿ. ಮುಂದೇನು? "ಗ್ಯಾಸ್ಟ್ರಿಕ್ ಇರಬೇಕು" ಎಂದು ಮನೆಯವರು. "ಈ ವಾರದ ಬೀಡಿ ಕೊಟ್ಟು ಬಂದು ಮತ್ತೆ ನೋಡುವ" ಎಂದು ಅವಳೇ. ಸಣ್ಣಂದಿನಲ್ಲಿ ಬಂದ ರುಮಾಟಿಕ್ ಜ್ವರದಿಂದ ಹೃದಯದ ಕವಾಟ ಕೆಟ್ಟವರಲ್ಲಿ ಹೆಂಗಸರೇ ಹೆಚ್ಚು. ಅವರಿಗೆ ಎದೆಬಡಿತದ ತಾಳವೂ ತಪ್ಪಿದರೆ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಬೇಕು, ಆಗಾಗ ರಕ್ತಪರೀಕ್ಷೆ ಬೇಕು. ಅದನ್ನು ಯಾವ ಗಡಿಯಾರ ಮಾಡಿಸುತ್ತದೆ?

ದೂರದಿಂದ ಹೃದಯ ನೋಡುವುದು ಹೊಸತೇನಲ್ಲ. ಹಾಲೆಂಡಿನ ಐಂಥೋವನ್ 1905ರಲ್ಲೇ ಒಂದೂವರೆ ಕಿಲೋಮೀಟರು ದೂರದ ಆಸ್ಪತ್ರೆಯ ರೋಗಿಯ ಇಸಿಜಿಯನ್ನು ಟೆಲಿಫೋನ್ ತಂತಿಯ ಮೂಲಕ ತನ್ನ ಪ್ರಯೋಗಾಲಯಕ್ಕೆ ತರಿಸಿಕೊಂಡಿದ್ದ. ನಮ್ಮ ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತರು ಹಳ್ಳಿಯ ವೈದ್ಯರನ್ನು ವಾಟ್ಸ್‌ಆ್ಯಪ್ ಬಳಗದಲ್ಲಿ ಕೂಡಿಸಿದರು, ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡಿಸಿದರು. ಅಲ್ಲಿ ತೆಗೆದ ಇಸಿಜಿಯನ್ನು ತಜ್ಞರು ಇಲ್ಲಿ ಓದುತ್ತಾರೆ. ಈ ಏರ್ಪಾಡು ನಡೆಯುವುದು ತಂತಿಯ ಎರಡೂ ತುದಿಯಲ್ಲಿ ಮನುಷ್ಯರು ಇರುವುದರಿಂದ. ಉಡುಗೊರೆಯ ಗಡಿಯಾರಕ್ಕೆ ಒಂದೇ ತುದಿ.

ಹಾಗಾಗಿ ಗಡಿಯಾರ ಕಳಿಸುವ ಮಕ್ಕಳೇ, ಅದು ಕೂಗಿದ ದಿನ ಅಮ್ಮನ ಜೊತೆ ರಿಕ್ಷಾ ಹತ್ತುವವರು ಯಾರೆಂದು ಮೊದಲೇ ಗೊತ್ತುಮಾಡಿ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಇಸಿಜಿ ಯಂತ್ರವಿದೆಯೇ, ನಡೆಸುವವರಿದ್ದಾರೆಯೇ ಎಂದು ಪಂಚಾಯತಿನಲ್ಲಿ ಕೇಳುವ ಕೆಲಸ ಊರಲ್ಲಿರುವ ನಮ್ಮದು. ಇನ್ನು ಅಕ್ಕಂದಿರೇ, ಎದೆ ಡವಗುಟ್ಟಿದರೆ, ತಲೆ ಸುತ್ತಿದರೆ, ಮೆಟ್ಟಲು ಹತ್ತುವಾಗ ಏದುಸಿರು ಬಂದರೆ ಗಡಿಯಾರ ಕೂಗುವ ತನಕ ಕಾಯಬೇಡಿ. "ನನಗೊಂದು ಇಸಿಜಿ ತೆಗೆಯಿರಿ" ಎಂದು ಬಾಯಿಬಿಟ್ಟು ಕೇಳಿ. ಬೀಡಿ ನಾಳೆಯೂ ಕಟ್ಟಬಹುದು.