ಮಷೀನು ಮೊದಲು ಕಾಗದದ ಮೇಲೆ ಹುಟ್ಟಲಿ

ಪುಣೆಯ ಭೋಸರಿ, ಚಿಂಚವಾಡದ ಕಡೆ ಒಂದು ಸುತ್ತು ಹಾಕಿ. ಗಲ್ಲಿಗೊಂದು ವರ್ಕ್‌ಶಾಪು. ಲೇತ್ ಮುಂದೆ ನಿಂತವರ ಕೈಚಳಕ ನೋಡಿದರೆ ಕೈ ಮುಗಿಯೋಣ ಅನ್ಸತ್ತೆ. ಆದರೆ ಹೊಸ ಮಷೀನು ಮಾಡೋ ವಿಷಯ ಬಂದರೆ ಒಂದು ಹಳೇ ಚಾಳಿ: "ಎಲ್ಲಾ ತಲೇಲಿದೆ ಬಿಡಿ ಸಾಹೇಬ್ರೇ!" ಮೊದಲು ಕಬ್ಬಿಣ ಕತ್ತರಿಸೋದು, ಡ್ರಾಯಿಂಗು ಆಮೇಲೆ, ಬಿಡುವಾದ್ರೆ. ಆ ತಲೆಯ ಯಜಮಾನರು ರಿಟೈರ್ ಆದ ದಿನ ಮಷೀನೂ ರಿಟೈರು. ಇಪ್ಪತ್ತೈದು ವರ್ಷದಿಂದ ಈ ಊರಿನ ಅನ್ನ ತಿನ್ನುತ್ತಿರುವ ನಾನು ಇದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್‌ನನ್ನು ನೋಡಿ. 1847ರಿಂದ 1849ರ ನಡುವೆ 'ಡಿಫರೆನ್ಸ್ ಇಂಜಿನ್ ನಂಬರ್ 2' ಅನ್ನೋ ಲೆಕ್ಕದ ಯಂತ್ರದ ನಕ್ಷೆ ಮಾಡಿದ. ಯಂತ್ರ ಕಟ್ಟೋದು ಆಗಲಿಲ್ಲ, 1871ರಲ್ಲಿ ತೀರಿಕೊಂಡ. ನಕ್ಷೆ ಮಾತ್ರ ಉಳೀತು. ಅದನ್ನೇ ಹಿಡಿದು ಲಂಡನ್ನಿನ ಸೈನ್ಸ್ ಮ್ಯೂಸಿಯಂನವರು 1991ರಲ್ಲಿ ಲೆಕ್ಕ ಮಾಡುವ ಭಾಗ ಕಟ್ಟಿದರು. 2002ರಲ್ಲಿ ಮುದ್ರಣದ ಭಾಗವೂ ಸೇರಿತು. ಸುಮಾರು 8,000 ಬಿಡಿಭಾಗ, 5 ಟನ್ ತೂಕ. ಯಂತ್ರ ಸರಿಯಾಗೇ ಲೆಕ್ಕ ಮಾಡ್ತು! ನಕ್ಷೆಯಲ್ಲಿ ಕೆಲವು ತಪ್ಪುಗಳಿದ್ದವು ನಿಜ. ಕಾಗದದ ಮೇಲಿದ್ದವು, ಅದಕ್ಕೇ ತಿದ್ದಲಿಕ್ಕಾಯ್ತು. ತಲೆಯೊಳಗಿನ ತಪ್ಪನ್ನು ಯಾರು ತಿದ್ತಾರೆ?

ಇದಕ್ಕೆ ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ. ಒಂದು ನೋಟ್‌ಬುಕ್ ಸಾಕು. ಮಷೀನು ಏನು ಕೆಲಸ ಮಾಡಬೇಕು, ಗಂಟೆಗೆ ಎಷ್ಟು ಪೀಸು, ಎಷ್ಟು ಜಾಗ, ಎಷ್ಟು ಖರ್ಚು ಅಂತ ಮೊದಲ ಪುಟ. ಆಮೇಲೆ ಒಂದಲ್ಲ, ಮೂರು ಬೇರೆ ಬೇರೆ ಕೈಚಿತ್ರ. ಬೇಡ ಅಂತ ಬಿಟ್ಟದ್ದು ಯಾವುದು, ಯಾಕೆ ಬಿಟ್ಟೆವು ಅನ್ನೋದನ್ನ ತಪ್ಪದೇ ಬರೆಯಿರಿ. ಚೈನ್ ಬಿಟ್ಟು ಬೆಲ್ಟ್ ಹಾಕಿದ ಕಾರಣ ಬರೆಯದಿದ್ದರೆ, ನಾಳೆ ಬಂದ ಹುಡುಗ ಮತ್ತೆ ಚೈನ್ ಹಾಕಿ ದುಡ್ಡು ಕಳೀತಾನೆ. ಪ್ರತಿ ಪುಟಕ್ಕೂ ತಾರೀಖು, ಸಹಿ.

ಇನ್ನೊಂದು ಲಾಭ. ನಮ್ಮ 1970ರ ಪೇಟೆಂಟ್ ಕಾಯ್ದೆಯಲ್ಲಿ ಪೂರ್ತಿ ವಿವರ ಸಿದ್ಧವಿಲ್ಲದಿದ್ದರೂ ತಾತ್ಕಾಲಿಕ ವಿವರಣೆ ಕೊಟ್ಟು ಅರ್ಜಿ ಹಾಕಬಹುದು. ಪೂರ್ಣ ವಿವರಣೆಗೆ 12 ತಿಂಗಳು ಸಮಯ. ಏನೂ ಬರೆದಿಡದವನು ಅರ್ಜಿಯಲ್ಲಿ ಏನು ತುಂಬ್ತಾನೆ?

ಹಳೇ ಫಿಟರುಗಳಿಗೆ ಒಂದು ಭಯ ಇದೆ: "ಬರೆದುಕೊಟ್ಟರೆ ನಾಳೆ ನಮ್ಮನ್ನ ಯಾರು ಕೇಳ್ತಾರೆ?" ಆ ಭಯ ಸುಳ್ಳಲ್ಲ ಸ್ವಾಮಿ. ಹಾಗಾಗಿ ನೋಟ್‌ಬುಕ್ ಕೊಡಿಸಿದರಷ್ಟೇ ಮಾಲೀಕರ ಕೆಲಸ ಮುಗಿಯಲ್ಲ. ಐಡಿಯಾ ಯಾರದೋ ಅವರ ಹೆಸರು ಆ ಪುಟದಲ್ಲಿರಬೇಕು, ಲಾಭ ಬಂದಾಗ ಆ ಹೆಸರಿಗೆ ಬೆಲೆಯೂ ಸಿಗಬೇಕು. ಅಷ್ಟು ಮಾಡಿ, ಪೆನ್ನು ತಾನಾಗೇ ಓಡತ್ತೆ. ನೀವೇನಂತೀರಿ?