ಅಜ್ಜನ ಪೆನ್ನಿಗೆ ಬೆಲೆ ಕಟ್ಟುವವರು ಯಾರು?



ನಿಮ್ಮ ಮನೆಯ ಮಾಳಿಗೆಯಲ್ಲೋ ಹಳೆಯ ತಗಡಿನ ಟ್ರಂಕಿನ ತಳದಲ್ಲೋ ಅಜ್ಜನದೋ ತಂದೆಯವರದೋ ಒಂದು ಶಾಯಿ ಪೆನ್ನು ಬಿದ್ದಿರಬಹುದು. ಧಾರಾವಿಯಲ್ಲಿ 2024ರಲ್ಲಿ ಪುನರ್ವಿಕಾಸದ ಸಮೀಕ್ಷೆ ಆರಂಭವಾದ ಮೇಲೆ ಮನೆ ಬದಲಿಸುವ ಮಾತು ಗಲ್ಲಿಗಲ್ಲಿಯಲ್ಲೂ ಕೇಳಿಬರುತ್ತಿದೆ. ಮನೆ ಖಾಲಿ ಮಾಡುವಾಗ ಇಂಥ ಸಣ್ಣ ವಸ್ತುಗಳೇ ಮೊದಲು ಭಂಗಾರದವನ ಚೀಲ ಸೇರುತ್ತವೆ. ಹಾಗೆ ಕೊಡುವ ಮುನ್ನ ಈ ನಾಲ್ಕು ಮಾತುಗಳನ್ನು ಓದಿರಿ ಎಂಬುದು ನನ್ನ ವಿನಂತಿ.

ಮುಂಬಯಿಯ ಮೂಲೆಮೂಲೆಯ ಪ್ಲಾಸ್ಟಿಕ್ ಬಂದು ಸೇರುವುದು ನಮ್ಮ ತೇರಾ ಕಂಪೌಂಡಿಗೆ. ಅಲ್ಲಿಯ ಕೆಲಸಗಾರರು ಒಂದು ತುಂಡನ್ನು ಬಗ್ಗಿಸಿ, ನೆಲಕ್ಕೆ ಬಡಿದು ಸದ್ದು ಕೇಳಿ, ತುದಿ ಸುಟ್ಟು ವಾಸನೆ ನೋಡಿ ಅದರ ಜಾತಿ ಹೇಳಬಲ್ಲರು. ಹಳೆಯ ಪೆನ್ನು ಸಂಗ್ರಹಿಸುವವರಿಗೆ ಬೇಕಾದ ಮೊದಲ ವಿದ್ಯೆಯೂ ಇದೇ. ಇಪ್ಪತ್ತನೆಯ ಶತಮಾನದ ಆರಂಭದ ಪೆನ್ನುಗಳಲ್ಲಿ ಹೆಚ್ಚಿನವು ಎಬೊನೈಟಿನವು. ಎಂದರೆ ಗಂಧಕ ಬೆರೆಸಿ ಕಾಯಿಸಿ ಗಟ್ಟಿ ಮಾಡಿದ ರಬ್ಬರು. ಹೆಬ್ಬೆರಳಿನಿಂದ ಜೋರಾಗಿ ಉಜ್ಜಿದರೆ ಗಂಧಕದ ವಾಸನೆ ಬರುತ್ತದೆ. ಬಿಸಿಲು, ನೀರು ತಗುಲಿ ಕಪ್ಪು ಬಣ್ಣ ಕಂದಾಗುತ್ತದೆ. ಅನಂತರ ಬಂದದ್ದು ಬಣ್ಣಬಣ್ಣದ ಸೆಲ್ಯುಲಾಯ್ಡ್. ಅದಕ್ಕೆ ಕರ್ಪೂರದ ವಾಸನೆ. ಬೆಂಕಿ ಸೋಕಿದರೆ ಭಗ್ಗನೆ ಉರಿಯುವುದರಿಂದ ಸುಟ್ಟು ನೋಡುವ ಪರೀಕ್ಷೆ ಪೆನ್ನಿಗೆ ಖಂಡಿತ ಬೇಡ! ಇನ್ನು ಎಬೊನೈಟ್ ಒಮ್ಮೆ ಗಟ್ಟಿಯಾದರೆ ಮತ್ತೆ ಕರಗದು. ಕರಗಿಸಿ ಹೊಸದು ಮಾಡುವ ಕಂಪೌಂಡಿನಲ್ಲಿ ಅದು ಬರೀ ಕಸ. ಅಜ್ಜನ ಪೆನ್ನು ಆ ಚೀಲಕ್ಕೆ ಹೋಯಿತೆಂದರೆ ಹೋದ ಹಾಗೆಯೇ.

ಹಾಗಾದರೆ ಹಳೆಯ ಪೆನ್ನಿಗೆ ಲಕ್ಷಗಟ್ಟಲೆ ಬೆಲೆ ಇದೆಯೇ ಎಂದು ನೀವು ಕೇಳಬಹುದು. ಸಾಮಾನ್ಯವಾಗಿ ಇಲ್ಲ. ನಮ್ಮ ಹಿರಿಯರು ಆಸೆಗಣ್ಣಿನಿಂದ ನೋಡುತ್ತಿದ್ದ ಪಾರ್ಕರ್ 51ನ್ನೇ ತೆಗೆದುಕೊಳ್ಳಿ. 1941ರಲ್ಲಿ ಅಮೆರಿಕದಲ್ಲಿ ಅದರ ಬೆಲೆ ಹನ್ನೆರಡೂವರೆ ಡಾಲರು. ಇಂದು ದುರಸ್ತಿಯಾದ, ಸಾಧಾರಣ ಬಣ್ಣದ ಒಂದು ಪೆನ್ನು ಅಲ್ಲಿನ ಸಂಗ್ರಾಹಕರ ಪೇಟೆಯಲ್ಲಿ ನೂರು ಡಾಲರಿನ ಆಸುಪಾಸಿಗೆ ಸಿಗುತ್ತದೆ. ಹಣದುಬ್ಬರದ ಲೆಕ್ಕ ಹಾಕಿದರೆ ಅಂದಿನ ಹನ್ನೆರಡೂವರೆ ಡಾಲರು ಇಂದಿನ 250ಕ್ಕೂ ಮಿಗಿಲು. ಅಂದರೆ ಪೆನ್ನು ಹಳತಾದಂತೆ ಅಗ್ಗವೇ ಆಗಿದೆ! ಕಾರಣ ಸರಳ: ಲಕ್ಷಗಟ್ಟಲೆ ತಯಾರಾದ ವಸ್ತು ಎಷ್ಟು ಹಳತಾದರೂ ಅಪರೂಪವಾಗದು. ವಿರಳ ಬಣ್ಣ, ಚಿನ್ನದ ಕ್ಯಾಪು, ಒಮ್ಮೆಯೂ ಶಾಯಿ ತುಂಬದ ಪೆನ್ನು, ಇಂಥವಕ್ಕೆ ಮಾತ್ರ ಬೆಲೆ ಏರುತ್ತದೆ. ನಿಬ್ಬಿನ ಮೇಲೆ 14 ಕ್ಯಾರೆಟ್ ಎಂದಿದ್ದರೆ ಚಿನ್ನ ನಿಜ. ಆದರೆ ಸಾಮಾನ್ಯ ನಿಬ್ಬಿನಲ್ಲಿ ಅದು ಒಂದು ಗ್ರಾಮಿಗೂ ಕಡಿಮೆ. ಪಾರ್ಕರಿನಂತೆಯೇ ಕಾಣುವ ಚೀನಾದ ಹೀರೋ ಪೆನ್ನುಗಳೂ ನಮ್ಮಲ್ಲಿ ಬಹಳ ಬಂದಿದ್ದವು. ಆದ್ದರಿಂದ ಚೋರ್ ಬಜಾರಿನಲ್ಲಿ ಹಣ ಎಣಿಸುವ ಮುನ್ನ ಪೆನ್ನಿನ ಮೇಲೆ ಕೊರೆದಿರುವ ಕಂಪೆನಿಯ ಹೆಸರನ್ನೂ ದೇಶದ ಹೆಸರನ್ನೂ ಸರಿಯಾಗಿ ಓದಿಕೊಳ್ಳಿ.

ಬೆಲೆ ಮತ್ತು ಮೌಲ್ಯ ಒಂದೇ ಅಲ್ಲ ಎಂಬುದಕ್ಕೆ ಎರಡು ಪೆನ್ನುಗಳ ಕಥೆ ಕೇಳಿ. ಆಂಧ್ರದ ರಾಜಮಂಡ್ರಿಯಲ್ಲಿ ಕೆ. ವಿ. ರತ್ನಂ ಎಂಬವರು ಗಾಂಧೀಜಿಯವರ ಸ್ವದೇಶಿ ಮಾತಿನಿಂದ ಪ್ರೇರಿತರಾಗಿ 1932ರಲ್ಲಿ ಪೆನ್ನು ತಯಾರಿಸತೊಡಗಿದರು. ಆ ಪೆನ್ನಿನಿಂದಲೇ ಬರೆದು ನೋಡಿದ ಗಾಂಧೀಜಿ, ವಿದೇಶಿ ಪೆನ್ನುಗಳ ಬದಲಿಗೆ ಇದು ಚೆನ್ನಾಗಿದೆ ಎಂಬರ್ಥದಲ್ಲಿ 1935ರ ಜುಲೈಯಲ್ಲಿ ರತ್ನಂ ಅವರಿಗೆ ಪತ್ರ ಬರೆದರು. ಎರಡನೆಯ ಕಥೆ 2009ರದು. ಮಾಂಟ್‌ಬ್ಲಾಂಕ್ ಕಂಪೆನಿ ಗಾಂಧೀಜಿಯವರ ಹೆಸರಿನಲ್ಲೇ ಚಿನ್ನದ ಪೆನ್ನು ಹೊರತಂದಿತು. ದಂಡಿ ಯಾತ್ರೆಯ 241 ಮೈಲಿಗಳ ನೆನಪಿಗೆ 241 ಪೆನ್ನುಗಳು, ಒಂದೊಂದಕ್ಕೆ ಸುಮಾರು 11 ಲಕ್ಷ ರೂಪಾಯಿ. ರಾಷ್ಟ್ರಪಿತನ ಹೆಸರನ್ನು ವ್ಯಾಪಾರಕ್ಕೆ ಬಳಸಬಾರದೆಂದು ಕೇರಳ ಹೈಕೋರ್ಟಿಗೆ ಅರ್ಜಿ ಹೋಗಿ, 2010ರಲ್ಲಿ ಅದರ ಮಾರಾಟ ನಿಂತಿತು. ಇವೆರಡರಲ್ಲಿ ಗಾಂಧೀಜಿಯ ಕೈಗೆ ಹತ್ತಿರವಾದದ್ದು ಯಾವುದೆಂದು ನೀವೇ ಹೇಳಿ.

ಈಗ ನಮ್ಮ ಮನೆಯ ಪೆನ್ನಿನ ವಿಷಯಕ್ಕೆ ಬರೋಣ. ಅಂದಿನ ದಿನಗಳಲ್ಲಿ ಹೊಸ ಪೆನ್ನು ಕೊಂಡರೆ ಅಂಗಡಿಯಲ್ಲೇ ಅದರ ಮೇಲೆ ಹೆಸರು ಕೊರೆಸುವ ಪದ್ಧತಿಯಿತ್ತು. ಸಂಗ್ರಾಹಕರ ಪೇಟೆಯಲ್ಲಿ ಅಪರಿಚಿತರ ಹೆಸರು ಕೊರೆದ ಪೆನ್ನಿಗೆ ಬೆಲೆ ಕಡಿಮೆ. ಅದೊಂದು ಊನವೆಂದೇ ಲೆಕ್ಕ. ಆದರೆ ಆ ಹೆಸರು ನಿಮ್ಮ ಅಜ್ಜನದಾಗಿದ್ದರೆ? ಹಗಲು ಹೋಟೆಲಿನಲ್ಲೋ ಕಾರ್ಖಾನೆಯಲ್ಲೋ ದುಡಿದು, ರಾತ್ರಿ ಶಾಲೆಯ ಬೆಂಚಿನಲ್ಲಿ ಕುಳಿತು ಕಲಿತ ಹಿರಿಯರು ನಮ್ಮಲ್ಲಿ ಎಷ್ಟೋ ಮಂದಿ. ಊರಿಗೆ ಕಳುಹಿಸುವ ಮನಿಯಾರ್ಡರ್ ಫಾರ್ಮಿನ ಕೆಳಗಿನ ಅಂಗೈಯಗಲದ ಜಾಗದಲ್ಲಿ ಅವರು ಮನೆಮಂದಿಯ ಕ್ಷೇಮವನ್ನೆಲ್ಲ ಕನ್ನಡದಲ್ಲಿ ವಿಚಾರಿಸಿದ್ದು ಇಂಥ ಪೆನ್ನಿನಿಂದಲೇ. ಬಹಳ ಕಾಲ ಒಬ್ಬರೇ ಬಳಸಿದ ನಿಬ್ಬಿನ ತುದಿ ಅವರು ಹಿಡಿಯುವ ಓರೆಗೆ ತಕ್ಕಂತೆ ಸವೆದಿರುತ್ತದೆ. ಭೂತಗನ್ನಡಿ ಹಿಡಿದು ನೋಡಿ. ಅಜ್ಜ ಪೆನ್ನನ್ನು ಹೇಗೆ ಹಿಡಿಯುತ್ತಿದ್ದರೆಂದು ಆ ಸವೆತವೇ ಹೇಳುತ್ತದೆ.

ಅದನ್ನು ಮತ್ತೆ ಬರೆಯುವಂತೆ ಮಾಡುವುದು ದೊಡ್ಡ ಖರ್ಚಿನ ಕೆಲಸವಲ್ಲ. ಬಿಸಿನೀರು ಬೇಡ, ನಿಬ್ಬಿನ ಭಾಗವನ್ನಷ್ಟೇ ತಣ್ಣೀರಿನಲ್ಲಿ ನೆನೆಸಿ, ಒಣಗಿದ ಶಾಯಿ ತಾನಾಗಿ ಬಿಡಲಿ. ಒಳಗಿನ ರಬ್ಬರಿನ ಚೀಲ ಗಟ್ಟಿಯಾಗಿದ್ದರೆ ಪಕ್ಕದ ಸನ್ನೆಯನ್ನು ಬಲವಂತವಾಗಿ ಎತ್ತಬೇಡಿ. ತಿಳಿದವರಿಂದ ಹೊಸ ಚೀಲ ಹಾಕಿಸಿ. ಚಿತ್ರ ಬಿಡಿಸುವ ಇಂಡಿಯನ್ ಇಂಕನ್ನು ಎಂದೂ ತುಂಬಬೇಡಿ. ಅದು ಒಳಗೆ ಗಟ್ಟಿಕಟ್ಟಿ ಪೆನ್ನನ್ನು ಕೆಡಿಸುತ್ತದೆ. 1931ರಿಂದ ಮುಂಬಯಿಯಲ್ಲೇ ಬೆಳೆದ ಕ್ಯಾಮ್ಲಿನ್ ಕಂಪೆನಿಯ ಸಾಧಾರಣ ಶಾಯಿ ಸಾಕು.

ಕೊನೆಯದಾಗಿ ಒಂದು ಮಾತು. ನಿಬ್ಬಿನ ಪರೀಕ್ಷೆಗೆ ಕನ್ನಡದಂಥ ಲಿಪಿ ಇನ್ನೊಂದಿಲ್ಲ. ನಮ್ಮ ಅಕ್ಷರಗಳು ದುಂಡಗೆ ಸುತ್ತುವುದರಿಂದ ನಿಬ್ಬು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಎಲ್ಲ ಕಡೆಗೂ ಓಡಬೇಕು. ಎಲ್ಲಿ ಕೆರೆಯುತ್ತದೆಂದು ಒಂದೇ ಸಾಲಿನಲ್ಲಿ ತಿಳಿಯುತ್ತದೆ. ನಿಮ್ಮಲ್ಲಿ ಅನೇಕರು ಮನೆಯಲ್ಲಿ ಕನ್ನಡ ಮಾತನಾಡುತ್ತೀರಿ, ಆದರೆ ಬರೆಯಲು ಹಿಂಜರಿಯುತ್ತೀರಿ ಎಂದು ಬಲ್ಲೆ. ಭಂಗಾರದವನು ಪೆನ್ನನ್ನು ತಕ್ಕಡಿಯಲ್ಲಿ ತೂಗುತ್ತಾನೆ, ಸಂಗ್ರಾಹಕ ಮಾದರಿಯ ಸಂಖ್ಯೆ ನೋಡುತ್ತಾನೆ. ಅಜ್ಜ ಬರೆದಿಟ್ಟ ಕಾಗದವನ್ನು ಓದಬಲ್ಲ ಮೊಮ್ಮಗನೋ ಮೊಮ್ಮಗಳೋ ಮಾತ್ರ ಅದಕ್ಕೆ ಸರಿಯಾದ ಬೆಲೆ ಕಟ್ಟಬಲ್ಲರು. ಟ್ರಂಕು ತೆರೆಯಿರಿ, ಪೆನ್ನು ತೊಳೆಯಿರಿ, ಮೊದಲು ಅಜ್ಜನ ಹೆಸರನ್ನು ಕನ್ನಡದಲ್ಲಿ ಬರೆಯಿರಿ. ಅನಂತರ ಅವರು ಯಾವ ಊರಿನಿಂದ, ಯಾವ ವರ್ಷ ಈ ನಗರಕ್ಕೆ ಬಂದರೆಂದು ಮನೆಯ ಹಿರಿಯರನ್ನು ಕೇಳಿ ಅದರ ಕೆಳಗೆ ಬರೆದಿಡಿ. ಮನೆ ಬದಲಾದಾಗ ಆ ಕಾಗದವೂ ಪೆನ್ನಿನ ಜೊತೆಯಲ್ಲೇ ಹೋಗಲಿ.